ಒರಳುಕಲ್ಲು ಹತ್ತಿದವಳ ಪ್ರಶ್ನೆ

ಗೆಳತಿಯರೇ, ಇವತ್ತು ನನ್ನನ್ನು ನೋಡಲು ಗಂಡಿನ ಕಡೆಯವರು ಜಟಕಾ ಮಾಡಿಕೊಂಡು ರಾಜಾಜಿನಗರದ ನಮ್ಮ ಮನೆಗೆ ಬಂದಿದ್ದರು.

ಅಣ್ಣನ ಮಗಳು ಶಾರದೆಗೆ ಎಂಟು ವರ್ಷ, ಬಲು ಪುಕ್ಕಲು. ಆ ಪುಕ್ಕಲುತನ ಬಿಡಿಸಲು ನಾನೇ ಒಂದು ಆಟ ಕಟ್ಟಿದ್ದೆ: ದಿನಾ ಸಂಜೆ ಅವಳು ಹಿತ್ತಲಿನ ಒರಳುಕಲ್ಲು ಹತ್ತಿ, ಪಕ್ಕದ ಮನೆಗೂ ಕೇಳುವ ಹಾಗೆ ಒಂದು ಪ್ರಶ್ನೆ ಕೇಳಬೇಕು.

ಹುಡುಗನ ತಾಯಿ ನನ್ನಿಂದ ಎರಡು ಹಾಡು ಹಾಡಿಸಿ, "ಸ್ವಲ್ಪ ನಡೆದು ತೋರ್ಸಮ್ಮ" ಎಂದರು. ನಾನು ಎದ್ದೆ.

ಬಾಗಿಲ ಸಂದಿಯಿಂದ ಶಾರದೆ ಗಟ್ಟಿಯಾಗಿ ಕೇಳಿದಳು: "ಅತ್ತೆ, ಅವ್ರೂ ನಡೆದು ತೋರಿಸ್ತಾರಾ?"

ಹುಡುಗ ಕಿವಿಯವರೆಗೂ ಕೆಂಪಾದ. ಅಣ್ಣ ಗದರಿದ: "ಯಾರೇ ನಿಂಗೆ ಇದನ್ನೆಲ್ಲ ಹೇಳ್ಕೊಟ್ಟಿದ್ದು?"

ಶಾರದೆ ನನ್ನ ಕಡೆ ನೋಡಿದಳು. ನಾನು ತಲೆ ತಗ್ಗಿಸಿ, ಆ ಗೋಡೆಯಿಂದ ಈ ಗೋಡೆಗೆ ನಡೆಯುತ್ತಲೇ ಇದ್ದೆ.

ನಾಳೆ ಸಂಜೆ ಒರಳುಕಲ್ಲು ಹತ್ತುವ ಸರದಿ ನನ್ನದು.