ಮಗ್ಗದ ಮನೆಯ ಗಂಟಲು

ನಮ್ಮ ಬನಹಟ್ಟಿಯಲ್ಲಿ ಗುಟ್ಟನ್ನೂ ಕೂಗಿಯೇ ಹೇಳಬೇಕು. ನಮ್ಮ ಪಡಸಾಲೆಯಲ್ಲೇ ನಾಲ್ಕು ಪವರ್‌ಲೂಮ್ ಮಗ್ಗಗಳು. ಬೆಳಿಗ್ಗೆ ಶುರುವಾದರೆ ಕರೆಂಟ್ ಹೋದಾಗಲೇ ಬಾಯಿ ಮುಚ್ಚುವುದು. ಅವುಗಳ ಪಕ್ಕದಲ್ಲಿ ಕೂತು ನಾನು ಪಿಯುಸಿ ಎರಡನೇ ವರ್ಷದ ಕಂಪ್ಯೂಟರ್ ಸೈನ್ಸ್ ಓದಿದೆ. ಓದಿದ್ದು ನನ್ನ ಕಿವಿಗಾದರೂ ಬೀಳಬೇಡವೇ? ಪೈಥಾನ್ ಪ್ರೋಗ್ರಾಮುಗಳನ್ನೆಲ್ಲ ಒದರಿ ಒದರಿಯೇ ಬಾಯಿಪಾಠ ಮಾಡಿದೆ. ಅಪ್ಪನಿಗೆ ಅದರಿಂದ ಏನೂ ತೊಂದರೆಯಾಗಲಿಲ್ಲ, ಅವನಿಗೆ ಕೇಳಿಸುತ್ತಲೇ ಇರಲಿಲ್ಲ.

ಪ್ರಾಕ್ಟಿಕಲ್ ಪರೀಕ್ಷೆ ಜಮಖಂಡಿಯಲ್ಲಿ, ನಮ್ಮ ಕಾಲೇಜಿನ ಲ್ಯಾಬಿನಲ್ಲೇ ಇತ್ತು. ಪರೀಕ್ಷಕರಾಗಿ ಬೀಳಗಿ ಕಡೆಯಿಂದ ಮೆಲುದನಿಯ ಸರ್ ಒಬ್ಬರು ಬಂದಿದ್ದರು. ನನ್ನ ಪ್ರೋಗ್ರಾಂ ಮೊದಲ ಸಲಕ್ಕೇ ಓಡಿತು. ಉಳಿದದ್ದು ಅವರ ಮುಂದೆ ನಿಂತು ಬಾಯಿಮಾತಿನಲ್ಲಿ ಉತ್ತರ ಹೇಳುವ ವೈವಾ. ಎಲ್ಲರಿಗೂ ಅವವೇ ಪ್ರಶ್ನೆಗಳು, ಮುಂದಿನವರು ಬಾಗಿಲ ಹೊರಗೆ ಸಾಲು ಹಚ್ಚಿದ್ದರು. ಎಲ್ಲ ಸರಿಯಾಗೇ ಹೇಳಿದೆ, ಸ್ಟ್ಯಾಕ್ ಎಂದರೇನು ಎಂಬಲ್ಲಿ ಎಡವಿದೆ. ಸ್ಟ್ಯಾಕಿನಲ್ಲಿ, ಬುಟ್ಟಿಯ ರೊಟ್ಟಿಯ ಹಾಗೆ, ಕಡೆಗೆ ಇಟ್ಟದ್ದು ಮೊದಲು ಹೊರಬರಬೇಕು. ನಾನು ಮೊದಲು ಇಟ್ಟದ್ದೇ ಮೊದಲು ಎಂದುಬಿಟ್ಟೆ, ಅದೂ ಎದೆ ಸೆಟೆಸಿಕೊಂಡು.

ಹೊರಗೆ ಬಂದು ನೀರು ಕುಡಿದು ಕೂತಿದ್ದೆ, ಮತ್ತೆ ಕರೆ ಬಂತು. ನನ್ನ ನಂತರ ಹೋದ ಮೂವರೂ ಅದೇ ತಪ್ಪನ್ನು ಅವೇ ಶಬ್ದಗಳಲ್ಲಿ ಒಪ್ಪಿಸಿದ್ದರಂತೆ. ನನ್ನ ಉತ್ತರ ಕಾರಿಡಾರಿನ ತುದಿಯವರೆಗೆ ಮುಟ್ಟಿತ್ತು, ಪುಣ್ಯಾತ್ಗಿತ್ತಿಯರು ಹಿಂದೆಮುಂದೆ ನೋಡದೆ ಎತ್ತಿಕೊಂಡಿದ್ದರು. ಬೇಕಂತಲೇ ಕೂಗಿ ನಕಲು ಮಾಡಿಸಿದ್ದೀ, ನಿನ್ನ ಪರೀಕ್ಷೆಯನ್ನೇ ರದ್ದು ಮಾಡಲು ಬರೆಯುತ್ತೇನೆ ಎಂದರು ಸರ್. ನನಗೆ ಸಿಟ್ಟು ಬಂತು. ನಕಲು ಮಾಡಿಸುವವಳಾಗಿದ್ದರೆ ಸರಿಯಾದ ಉತ್ತರವನ್ನಾದರೂ ಕೂಗುತ್ತಿರಲಿಲ್ಲವೇ?

"ನಾ ಮಾತಾಡೂದಽ ಹಿಂಗ್ರೀ ಸರ," ಎಂದೆ.

ಸಾವಕಾಶ ಮಾತಾಡು ಎಂದರು. ನಾನು ಸಾವಕಾಶವೇ ಮಾತಾಡಿದ್ದೆ. ಅವರಿಗೆ ನಂಬಿಕೆ ಬರಲಿಲ್ಲ. ಮನೆಯವರ ನಂಬರ್ ಹೇಳು ಎಂದು ತಮ್ಮ ಮೊಬೈಲಿನಿಂದಲೇ ಅಪ್ಪನಿಗೆ ಫೋನ್ ಹಚ್ಚಿದರು.

ಅತ್ತಲಿಂದ ಮೊದಲು ನಾಲ್ಕು ಮಗ್ಗಗಳು ಮಾತಾಡಿದವು, ಆಮೇಲೆ ಅವುಗಳನ್ನು ಮೀರಿಸಿ ಅಪ್ಪ. ಸರ್ ಫೋನನ್ನು ಕಿವಿಯಿಂದ ಗೇಣು ದೂರ ಹಿಡಿದರು. ತಾವು ಯಾರೆಂದು ಮೆಲ್ಲಗೆ ಹೇಳಿದರು. ಅಪ್ಪನಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದರು.

"ಜರಾ ಜೋರ ಮಾತಾಡ್ರೀ, ಬಾಯಾಗ ಏನರ ಇಟ್ಕೊಂಡೀರೇನು?" ಅಂದ ಅಪ್ಪ.

ನೆಲ ಬಾಯಿ ಬಿಟ್ಟರೆ ಇಳಿದುಬಿಡೋಣ ಎನ್ನಿಸಿತು ನನಗೆ. ಸರ್ ದನಿ ಏರಿಸಿದರು. ಅಪ್ಪ ಇನ್ನೂ ಜೋರು ಅಂದ, ಇನ್ನೂ ಏರಿಸಿದರು. ಕಡೆಗೆ ಅವನಿಗೆ ಕೇಳಿಸಿತು. ನನ್ನ ಮಗಳದು ಏನು ತಪ್ಪಾಗಿದೆ ಎಂದು ಕೇಳಿದ. ಸರ್ ಕುರ್ಚಿಯಿಂದ ಎದ್ದೇ ನಿಂತರು, ಕುತ್ತಿಗೆಯ ನರ ಉಬ್ಬಿದ್ದವು.

"ಸ್ಟ್ಯಾಕಿನ್ಯಾಗ ಕಡೀಗೆ ಇಟ್ಟದ್ದಽ ಮೊದಲ ಹೊರಗ ಬರ್ತೈತ್ರೀ! ನಿಮ್ಮ ಮಗಳು ಉಲ್ಟಾ ಹೇಳ್ಯಾಳ್ರೀ!"

ಕಾರಿಡಾರಿನ ಗುಸುಗುಸು ನಿಂತಿತು.

ಸರ್ ಫೋನ್ ಇಟ್ಟು ಹಣೆ ಒರೆಸಿಕೊಂಡರು. ರದ್ದು ಮಾಡುವ ಮಾತನ್ನು ಮತ್ತೆ ಎತ್ತಲಿಲ್ಲ. ಹೋಗು ಎಂದರು, ಇನ್ನೂ ಅದೇ ಏರುದನಿಯಲ್ಲಿ. ನನಗೆ ಹೋದ ಜೀವ ಬಂದಂತಾಯಿತು.

ಅವತ್ತು ಸ್ಟ್ಯಾಕಿನ ಅಂಕ ಕಳೆದುಕೊಂಡವರು ನಾನು ಮತ್ತು ನನ್ನನ್ನು ನಂಬಿದ ಆ ಮೂವರು ಮಾತ್ರ. ಸಾಲಿನಲ್ಲಿ ಉಳಿದಿದ್ದವರಿಗೆಲ್ಲ ಉತ್ತರವನ್ನು ಖುದ್ದು ಪರೀಕ್ಷಕರೇ ಮುಟ್ಟಿಸಿದ್ದರು.