ಬೆಂಚಿನ ಗೂಟಕ್ಕ

ಬ್ಯಾಸ್ಕೆಟ್‌ಬಾಲ್ ಐದು ಜನರ ಆಟ ಎಂದು ಹೇಳಿದವರು ಯಾರೋ, ಅವರು ಬೆಂಚಿನ ಕಡೆ ಒಮ್ಮೆಯೂ ತಿರುಗಿ ನೋಡಿದವರಲ್ಲ. ತಂಡದಲ್ಲಿ ಇರುವುದು ಹನ್ನೆರಡು ಜನ. ಐವರು ಅಂಗಳದಲ್ಲಿ ಓಡುವಾಗ ಉಳಿದ ಏಳು ಮಂದಿ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಸಾಲಾಗಿ ಕೂತಿರುತ್ತಾರೆ. ಟಿವಿಯವರ ಕ್ಯಾಮೆರಾ ಅವರ ಮೊಣಕಾಲಿನವರೆಗೆ ಬಂದು ವಾಪಸ್ಸು ಹೋಗುತ್ತದೆ, ಮುಖ ನೋಡುವಷ್ಟು ಪುರುಸೊತ್ತು ಅದಕ್ಕಿಲ್ಲ. ಇದು ಆ ಸಾಲಿನ ತುದಿಯಲ್ಲಿ ಹನ್ನೊಂದು ವರ್ಷ ಕೂತವಳ ಕಥೆ. ಹಾಗೆಂದು ಯಾರೂ ಅಯ್ಯೋ ಪಾಪ ಅನ್ನಬೇಕಿಲ್ಲ. ಪಾಪ ಅನ್ನಿಸಿಕೊಳ್ಳುವ ಹೆಂಗಸೇ ಅಲ್ಲ ಅವಳು.

ತಂಡದ ಹುಡುಗಿಯರು ಅವಳನ್ನು ಗೂಟಕ್ಕ ಎಂದು ಕರೆಯುತ್ತಿದ್ದರು. ವಯಸ್ಸಿನಲ್ಲಿ ಎಲ್ಲರಿಗಿಂತ ದೊಡ್ಡವಳಾದ್ದರಿಂದ ಅಕ್ಕ. ಗೂಟ ಯಾಕೆಂದರೆ ಅವಳ ಕಸುಬೇ ಅದು. ಎದುರಾಳಿ ಓಡಿ ಬರುವ ದಾರಿಯಲ್ಲಿ ಎರಡೂ ಕಾಲೂರಿ ನಿಂತುಬಿಡುವುದು. ತನ್ನ ಕಡೆಯ ಹುಡುಗಿ ಪಕ್ಕದಿಂದ ಸರಕ್ಕನೆ ಜಾರಿ ಹೋಗುತ್ತಾಳೆ, ಬೆನ್ನಟ್ಟಿ ಬಂದವಳು ಗೂಟಕ್ಕನಿಗೆ ಬಡಿದು ನಿಲ್ಲುತ್ತಾಳೆ. ಇನ್ನೊಂದು ಕೆಲಸ ಇದಕ್ಕಿಂತ ಕಷ್ಟದ್ದು. ಚೆಂಡು ಹಿಡಿದು ನುಗ್ಗುವವಳ ಎದುರಿಗೆ ಅವಳಿಗಿಂತ ಮೊದಲೇ ಹೋಗಿ ನಿಂತು, ಗುದ್ದಿಸಿಕೊಂಡು ಬೀಳುವುದು. ಮೊದಲೇ ನಿಂತವಳನ್ನು ಗುದ್ದಿದರೆ ತಪ್ಪು ಗುದ್ದಿದವಳದು, ಚೆಂಡು ಬಿದ್ದವಳ ತಂಡಕ್ಕೆ. ಕಣ್ಣು ಮಿಟುಕಿಸುವಷ್ಟು ತಡವಾಗಿ ನಿಂತರೆ ತಪ್ಪು ನಿಂತವಳದೇ. ಬುಟ್ಟಿಗೆ ಚೆಂಡು ಹಾಕುವುದನ್ನು ಎಲ್ಲರೂ ಕಲಿಯುತ್ತಾರೆ, ಹೊತ್ತು ನೋಡಿ ಬೀಳುವುದನ್ನು ಕಲಿಯುವವರು ಎಷ್ಟು ಜನ?

ಅವಳೂ ಬುಟ್ಟಿಗೆ ಹಾಕಲೆಂದೇ ಬಂದವಳು. ಶಾಲೆಯಲ್ಲಿ ಮೇಷ್ಟ್ರು ಕಿಟಕಿಗೆ ಪರದೆ ಸಿಕ್ಕಿಸಬೇಕಾದರೆ ಏಣಿ ತರಿಸುತ್ತಿರಲಿಲ್ಲ, ಅವಳನ್ನು ಕರೆಸುತ್ತಿದ್ದರು. ಕಾಲೇಜಿನಲ್ಲಿ ಅವಳ ಕೈಗೆ ಚೆಂಡು ಸಿಕ್ಕರೆ ಮುಗಿಯಿತು. ಸಂಬಳದ ಆಟಗಾರ್ತಿಯಾಗಿ ಕ್ಲಬ್ಬು ಸೇರಿದಾಗ ತನ್ನನ್ನು ಬಿಟ್ಟರಿಲ್ಲ ಎಂದುಕೊಂಡಿದ್ದಳು. ಆದರೆ ಅಲ್ಲಿ ಎತ್ತರದವರಿಗೆ ಬರವಿರಲಿಲ್ಲ, ಎಲ್ಲರ ಕೈಯೂ ಅವಳದಕ್ಕಿಂತ ಚುರುಕು. ಮೊದಲ ವರ್ಷ ಬಚ್ಚಲಿನ ನಲ್ಲಿ ತಿರುಗಿಸಿಟ್ಟು ಅದರ ಸದ್ದಿನಲ್ಲಿ ಅತ್ತಿದ್ದುಂಟು. ಕೊನೆಗೆ ಕೋಚ್ ಕರೆದು ಹೇಳಿದರು, "ಹಾಕೋರು ನನ್ನ ಹತ್ರ ಬೇಕಾದಷ್ಟು ಜನ ಇದಾರಮ್ಮ. ನಿಲ್ಲೋರೇ ಇಲ್ಲ. ನಿಲ್ತೀಯಾ?"

ಒಂದು ವಾರ ಹಟಕ್ಕೆ ಬುಟ್ಟಿಗೇ ಎಸೆಯುತ್ತಿದ್ದಳು. ಆಮೇಲೆ ನಿಂತಳು.

ಮದುವೆಯಾದದ್ದು ಲಿಫ್ಟ್ ರಿಪೇರಿಯವನನ್ನು. ಕ್ರೀಡಾಂಗಣದ ಲಿಫ್ಟ್ ಎರಡು ಮಹಡಿಗಳ ನಡುವೆ ಕೆಟ್ಟು ನಿಂತಾಗ ಒಳಗಿದ್ದವಳು ಇವಳು, ಬಾಗಿಲು ಬಿಡಿಸಿ ಹೊರಗೆ ತೆಗೆದವನು ಅವನು. ಲಿಫ್ಟಿನಿಂದ ಬಿಡಿಸಿ ಮನೆಯಲ್ಲಿ ಸಿಕ್ಕಿಸಿದ ಎಂದು ಅವಳು ಈಗಲೂ ಛೇಡಿಸುತ್ತಾಳೆ. ಅವನ ತಾಯಿ, ಅಂದರೆ ಅವಳ ಅತ್ತೆ, ಹೊಲಿಗೆ ಅಂಗಡಿ ಇಟ್ಟುಕೊಂಡವರು. ಸೊಸೆಯ ಭುಜಕ್ಕೂ ಬಾರದ ಎತ್ತರ, ಆದರೆ ಬಾಯಿ ಮಾತ್ರ ಅಟ್ಟದವರೆಗೆ ಮುಟ್ಟುತ್ತದೆ. "ಇವಳಿಗೊಂದು ಅಂಗಿ ಕತ್ತರಿಸಿದ್ರೆ ಉಳಿದ ಬಟ್ಟೇಲಿ ಕರ್ಚೀಫೂ ಆಗಲ್ಲ" ಎಂದು ಗೊಣಗಿಕೊಂಡೇ ಹೊಲಿಯುವರು. ಆ ಅಂಗಿಗಳಷ್ಟು ಚೆನ್ನಾಗಿ ಕೂರುವ ಅಂಗಿ ಅವಳಿಗೆ ಯಾವ ಅಂಗಡಿಯಲ್ಲೂ ಸಿಕ್ಕಿಲ್ಲ.

ಅತ್ತೆಗೆ ಆಟದ ನಿಯಮ ಒಂದೂ ಗೊತ್ತಿಲ್ಲ. ಅದಕ್ಕೇ ಚೆಂಡಿನ ಹಿಂದೆ ಕಣ್ಣು ಓಡಿಸುವ ಚಾಳಿಯೂ ಇಲ್ಲ. ಪಂದ್ಯಕ್ಕೆ ಬಂದರೆ ಸೊಸೆಯೊಬ್ಬಳನ್ನೇ ನೋಡುವರು, ಅವಳು ಬೆಂಚಿನಲ್ಲಿದ್ದರೆ ಬೆಂಚನ್ನೇ ನೋಡುವರು. ಒಮ್ಮೆ ಪಕ್ಕದ ಮನೆಯಾಕೆ ನಗುತ್ತಾ, "ನಿಮ್ಮ ಸೊಸೇನೂ ಕಪ್ಪು ಗೆದ್ಲಂತೆ, ಹೂವಿನ ಜೊತೆ ನಾರೂ ಸ್ವರ್ಗ ಸೇರ್ತು ಅನ್ನೋ ಹಾಗೆ" ಎಂದಳು. ಅತ್ತೆ ಕತ್ತರಿ ಕೆಳಗಿಟ್ಟರು. "ನಾರಿಲ್ದೆ ಒಂದು ಮೊಳ ಹೂವು ಕಟ್ಟಿ ತೋರ್ಸಮ್ಮ, ಆಮೇಲೆ ಸ್ವರ್ಗದ ಮಾತು" ಎಂದರು. ಪಕ್ಕದ ಮನೆಯಾಕೆ ಆ ತಿಂಗಳು ಬಟ್ಟೆ ಹೊಲಿಸಲು ಬೇರೆ ಅಂಗಡಿ ಹುಡುಕಿಕೊಂಡಳು.

ಹನ್ನೊಂದನೆಯ ವರ್ಷ ಎಡಮಂಡಿ ಕೈಕೊಟ್ಟಿತು. ಕ್ಲಬ್ಬಿನ ಮ್ಯಾನೇಜರ್ ಕುರ್ಚಿ ತೋರಿಸಿ, ಚಹಾ ತರಿಸಿ, ಈ ಸಲದ ಫೈನಲ್ಲೇ ಅವಳ ಕೊನೆಯ ಪಂದ್ಯ ಎಂದು ತಿಳಿಸಿದರು. ಅವಳಿಗೆ ಆಶ್ಚರ್ಯವಾಗಲಿಲ್ಲ. ಆದರೆ ಮನೆಗೆ ಬಂದು ಮಂಡಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಕೂತಾಗ, ಇಷ್ಟು ವರ್ಷ ಬಾಯಿಬಿಟ್ಟು ಹೇಳದ ಒಂದು ಆಸೆ ಗಂಡನ ಮುಂದೆ ಹೊರಬಿತ್ತು.

"ನಾನು ಎಷ್ಟು ಕಪ್ಪು ಗೆದ್ದಿದೀನಿ, ಆದ್ರೆ ಒಂದ್ಸಲಾನೂ ಕೊನೇ ಹಾರ್ನ್ ಹೊತ್ತಿಗೆ ಒಳಗಿರ್ಲಿಲ್ಲ ಕಣ್ರೀ. ಕೊನೇ ಎರಡು ನಿಮಿಷ ಬಂದ್ರೆ ಸಾಕು, ನಮ್ಮನ್ನ ಕೂರ್ಸಿ ಆ ಮೊದಲ ಐದು ಜನಾನ ಕಳಿಸ್ತಾರೆ. ಹಾರ್ನ್ ಆದ್ಮೇಲೆ ನಾವು ಬೆಂಚಿಂದ ಓಡಿ ಹೋಗಿ ಅವರನ್ನ ತಬ್ಬಿಕೊಳ್ಳೋದು. ಒಂದೇ ಒಂದ್ಸಲ ಒಳಗಿರ್ಬೇಕು."

"ಕೋಚ್‌ನ ಕೇಳು ಮತ್ತೆ."

"ಅದು ಕೇಳೋದಲ್ಲ. ಕೇಳಿ ಇಸ್ಕೊಂಡ್ರೆ ಅದು ದಾನ."

ಅವನು ನೀರು ಆರಿದ ಚೀಲವನ್ನು ತೆಗೆದುಕೊಂಡು ಮತ್ತೆ ಬಿಸಿನೀರು ತುಂಬಿಸಿ ತಂದ.

ಫೈನಲ್‌ಗೆ ಮುಂಚಿನ ವಾರ ಬೆಂಚಿನವರಿಗೆ ಬೇರೆಯೇ ಕೆಲಸವಿರುತ್ತದೆ. ಅವರು ಎದುರಾಳಿಗಳ ವೇಷ ಕಟ್ಟಬೇಕು. ಎದುರಾಳಿ ತಂಡ ಹೇಗೆ ಆಡುತ್ತದೋ ಹಾಗೆಯೇ ಅಭ್ಯಾಸದಲ್ಲಿ ಆಡಬೇಕು, ಮೊದಲ ಐವರು ಅವರನ್ನು ತಡೆಯುವುದನ್ನು ಕಲಿಯಬೇಕು. ಆ ಕಡೆಯ ದೊಡ್ಡ ಆಟಗಾರ್ತಿಯನ್ನು ಜನ ಬಿರುಗಾಳಿ ಎನ್ನುತ್ತಿದ್ದರು. ಆ ಪಾತ್ರ ಗೂಟಕ್ಕನ ಪಾಲಿಗೆ ಬಂತು. ಬಿರುಗಾಳಿಗೆ ಮಂಡಿನೋವು ಬಂದಿದೆ ಎಂದು ಹುಡುಗಿಯರು ನಕ್ಕರು. ಅವಳು ಹಗಲೆಲ್ಲ ವಿಡಿಯೋ ನೋಡಿದಳು, ಮನೆಯಲ್ಲೂ ಬಿಡಲಿಲ್ಲ. ಬಿರುಗಾಳಿ ಬಲಕ್ಕೆ ಎರಡು ಹೆಜ್ಜೆ ತೋರಿಸಿ, ತಲೆ ತಗ್ಗಿಸಿ, ಎಡಕ್ಕೆ ಹೊರಳುತ್ತಾಳೆ. ಗೂಟಕ್ಕ ಅಡುಗೆಮನೆಯ ಬಾಗಿಲಲ್ಲಿ ಅದನ್ನೇ ಮಾಡುತ್ತಿದ್ದಾಗ ಅತ್ತೆ ಸೌಟು ಹಿಡಿದು ನಿಂತರು.

"ಇದೇನೇ ಕುಣಿತ? ಒಳಗೆ ಬರೋದಾದ್ರೆ ನೆಟ್ಟಗೆ ಬಾ."

"ಅತ್ತೆ, ನೀವು ಅಲ್ಲೇ ನಿಂತಿರಿ" ಎಂದು ಅವಳು ಇನ್ನೊಮ್ಮೆ ಹೊರಳಿದಳು. ಹೊರಳಿ ನೇರವಾಗಿ ಅತ್ತೆಗೇ ಡಿಕ್ಕಿ ಹೊಡೆದಳು. ತಲೆ ತಗ್ಗಿಸಿ ತಿರುಗುವಾಗ ಎದುರಿಗೆ ಯಾರಿದ್ದಾರೆ ಎಂಬುದೇ ಕಾಣುವುದಿಲ್ಲ, ನೆಲ ಮಾತ್ರ ಕಾಣುತ್ತದೆ. ಬರೀ ವಿಡಿಯೋ ನೋಡಿದ್ದರೆ ಅದು ತಿಳಿಯುತ್ತಿರಲಿಲ್ಲ, ವೇಷ ಕಟ್ಟಿದ್ದಕ್ಕೆ ತಿಳಿಯಿತು. ಅತ್ತೆಗೆ ಆ ಸಂತೋಷದಲ್ಲಿ ಪಾಲು ಸಿಗಲಿಲ್ಲ, ಸೊಂಟಕ್ಕೆ ಎಣ್ಣೆ ಹಚ್ಚಿಸಿಕೊಂಡರು.

ವಾರದ ಕೊನೆಯ ಅಭ್ಯಾಸದಲ್ಲಿ ಎಡವಟ್ಟಾಯಿತು. ಎದುರಾಳಿಗಳ ವೇಷದಲ್ಲಿದ್ದ ಬೆಂಚಿನವರು ಮೊದಲ ಐವರನ್ನು ಸೋಲಿಸಿಬಿಟ್ಟರು. ತಂಡದ ಕ್ಯಾಪ್ಟನ್, ಪತ್ರಿಕೆಗಳಲ್ಲಿ ದಿನ ಬಿಟ್ಟು ದಿನ ಫೋಟೋ ಬರುವ ಹುಡುಗಿ, ಚೆಂಡನ್ನು ಗೋಡೆಗೆ ಎಸೆದಳು.

"ಫೈನಲ್ ಹಿಂದಿನ ದಿನ ಹೀಗೆ ಜೀವ ತೆಗೀಬೇಕಾ ಗೂಟಕ್ಕ? ಸ್ವಲ್ಪ ಬಿಟ್ಟುಕೊಟ್ರೆ ಏನು ಹೋಗ್ತಿತ್ತು?"

"ನಾಳೆ ಅವರು ಬಿಟ್ಟುಕೊಡ್ತಾರಾ?" ಎಂದಳು ಗೂಟಕ್ಕ. "ನಾವು ಮೆತ್ತಗಾದ್ರೆ ನೀವೂ ಮೆತ್ತಗಾಗ್ತೀರ. ನಿಮ್ಮನ್ನ ಗಟ್ಟಿ ಮಾಡೋಕೇ ನಮಗೆ ಸಂಬಳ ಕೊಡೋದು."

ಕ್ಯಾಪ್ಟನ್ ಮುಖ ಊದಿಸಿಕೊಂಡು ಹೋದಳು. ಕೆಟ್ಟ ಹುಡುಗಿಯಲ್ಲ, ಆದರೆ ಸೋತು ರೂಢಿಯಿಲ್ಲ.

ಫೈನಲ್ ದಿನ ಕ್ರೀಡಾಂಗಣದಲ್ಲಿ ಎಳ್ಳು ಹಾಕಿದರೆ ನೆಲಕ್ಕೆ ಬೀಳದಷ್ಟು ಜನ. ಅತ್ತೆಯೂ ಗಂಡನೂ ಬೆಂಚಿನ ಹಿಂದಿನ ಸಾಲಿನಲ್ಲೇ ಕೂತಿದ್ದರು. ನಾಲ್ಕು ಭಾಗದ ಆಟದಲ್ಲಿ ಮೂರನೆಯದು ಮುಗಿಯುವ ಹೊತ್ತಿಗೆ ಮೊದಲ ಐವರು ಬಸವಳಿದಿದ್ದರು. ಬಿರುಗಾಳಿ ಹೆಸರಿಗೆ ತಕ್ಕಂತೆ ಬೀಸುತ್ತಿದ್ದಳು. ಕ್ಯಾಪ್ಟನ್ ಎಸೆದದ್ದೆಲ್ಲ ಬುಟ್ಟಿಯ ಅಂಚಿಗೆ ತಾಗಿ ಹೊರಗೆ ಬೀಳುತ್ತಿತ್ತು. ಅಂತರ ಹದಿನಾಲ್ಕು ಅಂಕಕ್ಕೆ ಏರಿದಾಗ ಕೋಚ್ ಐವರನ್ನೂ ಒಟ್ಟಿಗೆ ಹೊರಗೆ ಕರೆದರು.

"ನೀವು ಐದು ಜನ ಹೋಗಿ" ಎಂದು ಬೆಂಚಿನ ಕಡೆ ತಿರುಗಿದರು. "ಅವರು ಸ್ವಲ್ಪ ಉಸಿರು ತಗೊಳ್ಳೋವರೆಗೆ ಇನ್ನೂ ಜಾಸ್ತಿ ಆಗದ ಹಾಗೆ ನೋಡ್ಕೊಳ್ಳಿ."

ಜನರ ಗದ್ದಲ ತಣ್ಣಗಾಯಿತು. ಕೆಲವರು ಎದ್ದು ಬಾಗಿಲ ಕಡೆ ಹೊರಟರು. ಹೋದವರು ಹೋಗಲಿ, ಅವರ ಹಣೆಬರಹ.

ಯಾಕೆಂದರೆ ಆಮೇಲೆ ನಡೆದದ್ದು ಬೇರೆ. ಈ ಐವರು ಒಂದು ವಾರ ಎದುರಾಳಿಗಳೇ ಆಗಿ ಬದುಕಿದವರು. ಆ ಕಡೆಯವರು ಬಾಯಿ ತೆರೆಯುವ ಮೊದಲೇ ಇವರಿಗೆ ಮಾತು ಗೊತ್ತಿತ್ತು. ಚೆಂಡು ಯಾರ ಕೈಗೆ ಹೋಗುತ್ತದೆ ಎಂದು ಮೊದಲೇ ತಿಳಿದು ಅಲ್ಲಿ ಕೈಯಿಟ್ಟು ಕಾಯುತ್ತಿದ್ದರು. ಒಂದು ಕಸಿದುಕೊಂಡರು, ಇನ್ನೊಂದು ಕಸಿದುಕೊಂಡರು. ಗೂಟಕ್ಕ ನಿಂತ ಕಡೆಯೆಲ್ಲ ಎದುರಾಳಿಗಳಿಗೆ ದಾರಿ ಮುಚ್ಚಿತು, ಅವಳ ಬೆನ್ನ ಹಿಂದಿನಿಂದ ನುಸುಳಿದ, ಆ ಐವರಲ್ಲೇ ಒಬ್ಬಳಾದ ಪುಟ್ಟ ಹುಡುಗಿ ಮೂರು ಸಲ ಬುಟ್ಟಿಗೆ ಹಾಕಿದಳು. ಅಂತರ ಹತ್ತಾಯಿತು, ಆರಾಯಿತು. ಬಾಗಿಲವರೆಗೆ ಹೋದವರು ಅಲ್ಲೇ ಕತ್ತು ಚಾಚಿ ನಿಂತರು.

ಕೊನೆಯ ಎರಡು ನಿಮಿಷ ಉಳಿದಾಗ ತಂಡ ಒಂದು ಅಂಕ ಮುಂದಿತ್ತು.

ಎದುರಾಳಿಗಳು ವಿರಾಮ ಕೇಳಿದರು. ಗೂಟಕ್ಕ ಬೆಂಚಿನ ಕಡೆ ನೋಡಿದಳು. ಕೋಚ್ ಮೊದಲ ಐವರ ಮುಂದೆ ನಿಂತು, ಟವೆಲ್ ತೆಗೆಯಿರಿ ಎಂದು ಕೈ ಮಾಡುತ್ತಿದ್ದರು. ಅವಳಿಗೆ ಅಳು ಬಂತು. ಬರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಆದರೂ ಕಾಲು ರೂಢಿಯಂತೆ ಅಂಗಳದ ಗೆರೆ ದಾಟಿ ತನ್ನ ತುದಿಯ ಜಾಗಕ್ಕೆ ನಡೆಯಿತು. ಅಲ್ಲಿ ಕ್ಯಾಪ್ಟನ್ ಕೂತಿದ್ದಳು, ಮಂಡಿಯ ಮೇಲೆ ಟವೆಲ್ ಹಾಸಿಕೊಂಡು.

"ಏಳಮ್ಮ" ಎಂದರು ಕೋಚ್.

"ನಾನು ಏಳಲ್ಲ ಸರ್."

"ಯಾಕೆ, ಕಾಲು ನೋವಾ?"

"ಕಾಲು ಚೆನ್ನಾಗಿದೆ. ಕಣ್ಣೂ ಚೆನ್ನಾಗಿದೆ, ಅದಕ್ಕೇ ಏಳಲ್ಲ ಅಂದಿದ್ದು. ನಾವು ಕಳೆದದ್ದನ್ನ ಅವರು ವಾಪಸ್ ತಂದಿದಾರೆ. ಈಗ ನಾವು ಹೋಗಿ ಕೆಡಿಸೋದು ಬೇಡ."

ಉಳಿದ ನಾಲ್ವರೂ ಕದಲಲಿಲ್ಲ. ಕೋಚ್ ಒಮ್ಮೆ ಅವರನ್ನು ನೋಡಿದರು, ಒಮ್ಮೆ ಅಂಕದ ಹಲಗೆಯನ್ನು ನೋಡಿದರು. ಹಿಂದಿನ ಸಾಲಿನಿಂದ ಅತ್ತೆಯ ದನಿ ಬಂತು, "ಆ ಮಗು ಹೇಳ್ತಿರೋದು ಸರಿಯಾಗಿದೆ ಸಾರ್." ಕೋಚ್ ಹಣೆ ಉಜ್ಜಿಕೊಂಡು, "ಸರಿ, ಇವರೇ ಆಡ್ಲಿ" ಎಂದರು. ಕ್ಯಾಪ್ಟನ್ ಎದ್ದು ತನ್ನ ನೀರಿನ ಬಾಟಲಿಯನ್ನು ಗೂಟಕ್ಕನ ಕೈಗೆ ಕೊಟ್ಟಳು. "ಕುಡೀರಿ ಅಕ್ಕ. ಕುಡಿದು ಹೋಗಿ ನಿಂತ್ಕೊಳ್ಳಿ."

ಆ ಎರಡು ನಿಮಿಷದಲ್ಲಿ ಇತ್ತ ಕಡೆಯೂ ಬುಟ್ಟಿಗೆ ಚೆಂಡು ಬೀಳಲಿಲ್ಲ, ಅತ್ತ ಕಡೆಯೂ ಬೀಳಲಿಲ್ಲ. ಕೊನೆಗೆ ಬೆರಳೆಣಿಕೆಯ ಸೆಕೆಂಡುಗಳಿರುವಾಗ ಬಿರುಗಾಳಿಯ ಕೈಗೆ ಚೆಂಡು ಬಂತು. ಎಲ್ಲರಿಗೂ ಗೊತ್ತಿತ್ತು, ಇನ್ನು ಅವಳು ಯಾರಿಗೂ ಕೊಡುವವಳಲ್ಲ. ಬಲಕ್ಕೆ ಒಂದು ಹೆಜ್ಜೆ. ಇನ್ನೊಂದು ಹೆಜ್ಜೆ. ತಲೆ ತಗ್ಗಿತು. ಗೂಟಕ್ಕ ಆಗಲೇ ಎಡಕ್ಕೆ ಹೋಗಿಯಾಗಿತ್ತು. ಎರಡೂ ಕಾಲೂರಿ, ಕೈಗಳನ್ನು ಎದೆಗೆ ಕಟ್ಟಿಕೊಂಡು, ಆ ಹಾಳು ಮಂಡಿಗೆ ಇದೊಂದು ಸಲ ತಡಕೋ ಎಂದು ಹೇಳಿ, ನಿಂತಳು.

ಬಿರುಗಾಳಿ ಬಂದು ಗುದ್ದಿದ ಸದ್ದು ಮೇಲಿನ ಸಾಲಿನವರೆಗೆ ಕೇಳಿತು. ಇಬ್ಬರೂ ನೆಲದ ಮೇಲೆ. ಸೀಟಿ ಮೊಳಗಿತು. ತಪ್ಪು ಯಾರದು ಎಂದು ಸಾವಿರಾರು ಜನ ಉಸಿರು ಬಿಗಿಹಿಡಿದರು. ರೆಫರಿ ಓಡಿ ಬಂದು, ಮುಷ್ಟಿಯನ್ನು ಅಂಗೈಗೆ ಗುದ್ದಿ, ಬಿರುಗಾಳಿಯ ಕಡೆ ಬೆರಳು ಮಾಡಿದರು. ತಪ್ಪು ಗುದ್ದಿದವಳದು. ಚೆಂಡು ಗೂಟಕ್ಕನ ತಂಡಕ್ಕೆ.

ಅವಳನ್ನು ಎಬ್ಬಿಸಲು ಮೊದಲು ಕೈ ಚಾಚಿದವಳು ಬಿರುಗಾಳಿಯೇ. "ಮೊದಲೇ ಹೇಗೆ ಗೊತ್ತಾಯ್ತು ನಿಮಗೆ?" ಎಂದಳು. "ಒಂದು ವಾರ ನೀನಾಗಿದ್ದೆ ಕಣಮ್ಮ" ಎಂದಳು ಗೂಟಕ್ಕ.

ಇನ್ನುಳಿದದ್ದು ಒಂದೇ ಸೆಕೆಂಡು. ಪುಟ್ಟ ಹುಡುಗಿ ಗೆರೆಯಾಚೆ ನಿಂತು ಚೆಂಡನ್ನು ಎತ್ತರಕ್ಕೆ ಎಸೆದಳು, ಅಷ್ಟು ಎತ್ತರಕ್ಕೆ ಕೈ ಹೋಗುವುದು ಒಬ್ಬಳದೇ. ಗೂಟಕ್ಕ ಅದನ್ನು ಹಿಡಿದು ಹೊಟ್ಟೆಗೆ ಅವುಚಿಕೊಂಡಳು. ಹಾರ್ನ್ ಕೂಗಿತು.

ಬೆಂಚು ಖಾಲಿಯಾಗಿ ಎಲ್ಲರೂ ಒಳಗೆ ನುಗ್ಗಿದರು, ಕ್ಯಾಪ್ಟನ್ ಎಲ್ಲರಿಗಿಂತ ಮುಂದೆ. ಹಾರ್ನ್ ಕೇಳಿದೊಡನೆ ಗೂಟಕ್ಕನ ಕಾಲೂ ಓಡಲು ಹೊರಟಿತು, ಹನ್ನೊಂದು ವರ್ಷದ ರೂಢಿ. ಒಂದು ಹೆಜ್ಜೆ ಇಟ್ಟ ಮೇಲೆ ಅವಳಿಗೆ ಹೊಳೆಯಿತು, ಓಡಿ ಹೋಗಿ ಸೇರಬೇಕಾದ ಜಾಗದಲ್ಲಿ ತಾನು ಆಗಲೇ ಇದ್ದೇನೆ ಎಂದು. ಚೆಂಡು ಬಿಡದೆ ಅಲ್ಲೇ ನಿಂತಳು, ಬಂದು ತಬ್ಬುವವರು ಬರಲಿ ಎಂದು.