ಮಂಡಿಗೆ ಕಟ್ಟಿದ ದಿಂಬು

ಹೊಂಬಾಳಮ್ಮನ ಮನೆಯಲ್ಲಿ ದಿಂಬು ಎಂಬುದೇ ಇರಲಿಲ್ಲ. ನೆಂಟರು ಬಂದರೆ ಚಾಪೆ ಕೊಡುತ್ತಿದ್ದಳು, ಕಂಬಳಿ ಕೊಡುತ್ತಿದ್ದಳು, ಬಿಸಿ ಮುದ್ದೆಗೆ ಸೊಪ್ಪಿನ ಸಾರು ಹೊಟ್ಟೆ ತುಂಬ ಬಡಿಸುತ್ತಿದ್ದಳು. ದಿಂಬು ಕೇಳಿದರೆ ಮಾತ್ರ, "ಕಂಬ್ಳಿಯ ಮಡಿಸ್ಕೊಂಡು ತಲೆಗಿಟ್ಕೊಳಿ" ಎಂದು ಒಳಗೆ ನಡೆದುಬಿಡುತ್ತಿದ್ದಳು. ಜಿಪುಣಿ ಎಂದು ಕೆಲವರು ಆಡಿಕೊಂಡರು. ಗಂಡ ಸತ್ತ ಮೇಲೆ ತಲೆ ಸ್ವಲ್ಪ ಆಚೀಚೆಯಾಗಿದೆ ಎಂದರು ಇನ್ನು ಕೆಲವರು. ಆಡಿಕೊಳ್ಳುವವರಿಗೇನು, ಬಾಯಿಗೆ ಬಾಡಿಗೆ ಕೊಡಬೇಕೆ?

ಹಲಗೂರಿನಿಂದ ಮುತ್ತತ್ತಿಗೆ ಹೋಗುವ ದಾರಿಯಲ್ಲಿ, ಕಾಡು ಶುರುವಾಗುವುದಕ್ಕೆ ಮುಂಚೆ ಸಿಗುವ ಊರು ಅವಳದು. ಶನಿವಾರ ಆಂಜನೇಯನ ದರ್ಶನಕ್ಕೆ ಹೋಗುವವರ ಬಸ್ಸು ಊರ ಮುಂದೆ ಧೂಳೆಬ್ಬಿಸಿಕೊಂಡು ಓಡುತ್ತದೆ, ನಿಲ್ಲುವುದಿಲ್ಲ. ಊರಿನ ಹೊಲಗಳು ಕಾಡಿನ ಹಳ್ಳದವರೆಗೂ ಚಾಚಿಕೊಂಡಿವೆ. ಕಡಲೆಕಾಯಿ ಬಲಿಯುವ ಹೊತ್ತಿಗೆ ಸರಿಯಾಗಿ ಹಂದಿಗಳು ಆ ಹಳ್ಳ ದಾಟಿ ಬರುತ್ತವೆ. ಮನೆಮಂದಿಯೆಲ್ಲ ಬೆನ್ನು ಬಗ್ಗಿಸಿ ಬೆಳೆದದ್ದನ್ನು ಒಂದು ಹಿಂಡು ಒಂದೇ ಸಲಕ್ಕೆ ಉತ್ತು ಹಾಕಿ ಹೋಗುತ್ತದೆ. ಅದಕ್ಕೇ ಬೆಳೆ ಕಾವಲಿಗೆಂದು ಒಂಟಿ ನಳಿಗೆಯ ಬಂದೂಕೊಂದು ಊರಿನಲ್ಲಿತ್ತು. ಅದರ ಲೈಸೆನ್ಸು ಹೊಂಬಾಳಮ್ಮನ ಗಂಡ ಶಿವಯ್ಯನ ಹೆಸರಿನಲ್ಲಿತ್ತು.

ಹಂದಿ ದಾಟುವ ಜಾಗದಲ್ಲಿ ಒಂದೇ ಒಂದು ಕರಿಮತ್ತಿ ಮರ. ಅಟ್ಟಣೆ ಕಟ್ಟಿದರೆ ಆನೆ ಬಂದು ಕಿತ್ತು ಬಿಸಾಡುತ್ತಿತ್ತು. ಕೂರೋಣವೆಂದರೆ ಕೈಗೆಟುಕುವ ಎತ್ತರದಲ್ಲಿ ಕವಲಿಲ್ಲ. ಶಿವಯ್ಯ ಮದ್ದೂರಿಗೆ ಹೋಗಿ, ಜಟಕಾ ಕುದುರೆಗಳಿಗೆ ಜೀನು ಹೊಲಿಯುವ ವಹಾಬ್ ಸಾಬರಿಂದ ಹಳೆಯ ಪಟ್ಟಿಗಳನ್ನು ಕೂಡಿಸಿ ಹೊಲಿಸಿಕೊಂಡು ಬಂದ. ಅದನ್ನು ಮೇಲಿನ ಕೊಂಬೆಗೆ ಕಟ್ಟಿ, ಉಯ್ಯಾಲೆಯಲ್ಲಿ ಕೂತಂತೆ ಅದರಲ್ಲಿ ಕೂತು, ಮರದ ಬೊಡ್ಡೆಗೆ ಎರಡೂ ಮಂಡಿ ಒತ್ತಿಕೊಂಡು ಕಾಯುವುದು. ಸೊಂಟಕ್ಕೆ ಹಗ್ಗ ಬಿಗಿದುಕೊಂಡರೆ ಬಂದೂಕು ತಿರುಗಿಸಲು ಆಗುವುದಿಲ್ಲವೆಂದು ಅದನ್ನು ಬಿಟ್ಟಿದ್ದ. ಕುದುರೆಗೆ ಜೀನು ಹಾಕುವುದನ್ನು ಕಂಡಿದ್ದೇವೆ, ಇವನು ಮರಕ್ಕೇ ಹಾಕಿದನಲ್ಲ ಎಂದು ಊರು ನಕ್ಕಿತು. ಹಂದಿ ಉರುಳಿದ ಮೇಲೆ ಬಾಡಿನೂಟಕ್ಕೆ ಅದೇ ಊರು ತಟ್ಟೆ ಹಿಡಿದು ಬಂತು.

ತೊಂದರೆ ಇದ್ದದ್ದು ಮಂಡಿಗೆ. ಕರಿಮತ್ತಿಯ ತೊಗಟೆ ಮೊಸಳೆಯ ಬೆನ್ನಿನ ಹಾಗೆ ಸೀಳು ಸೀಳು. ಮೈಭಾರ ಅರ್ಧ ಮಂಡಿಯ ಮೇಲೇ ಬೀಳುತ್ತದೆ. ಬೆಳಗ್ಗೆ ಇಳಿದು ಬರುವಾಗ ಶಿವಯ್ಯನ ಮಂಡಿಚಿಪ್ಪಿನ ಚರ್ಮ ಕಿತ್ತುಹೋಗಿರುತ್ತಿತ್ತು. ಹೊಂಬಾಳಮ್ಮ ಅರಿಸಿನ ಎಣ್ಣೆ ಹಚ್ಚುತ್ತ ಬಯ್ಯುತ್ತಿದ್ದಳು. ಗೋಣಿ ಮಡಿಸಿ ಕಟ್ಟಿದಳು, ಉಜ್ಜಿ ಉಜ್ಜಿ ಹರಿಯಿತು. ತೆಂಗಿನ ನಾರು ತುಂಬಿ ಹೊಲಿದಳು, ಚುಚ್ಚಿತು. ಕೊನೆಗೊಂದು ದಿನ ಅವನ ನರಳಾಟ ನೋಡಲಾರದೆ, ತವರಿನಿಂದ ತಂದಿದ್ದ ತನ್ನ ದಿಂಬನ್ನೇ ಬಿಚ್ಚಿ, ಅದರ ಬೂರುಗದ ಹತ್ತಿಯನ್ನು ಹಿಂಜಿ ಹಿಂಜಿ ತುಂಬಿ ಎರಡು ಮೆತ್ತೆ ಹೊಲಿದು ಅವನ ಮಂಡಿಗೆ ಕಟ್ಟಿದಳು.

ಮಾರನೆಯ ಬೆಳಗ್ಗೆ ಶಿವಯ್ಯ ನಗುತ್ತ ಬಂದ. "ಮಂಡಿ ಅನ್ನೋದು ಐತೋ ಇಲ್ವೋ ಅನ್ನೋದೇ ಗೊತ್ತಾಗ್ನಿಲ್ಲ ಕಣಮ್ಮಿ" ಎಂದ. ಹೊಂಬಾಳಮ್ಮನಿಗೆ ಅಷ್ಟು ಸಂತೋಷ ಮದುವೆಯ ದಿನವೂ ಆಗಿರಲಿಲ್ಲ.

ಆ ವಾರ ಕಳೆಯುವುದರೊಳಗೆ ಒಂದು ಬೆಳಗ್ಗೆ ಅವನು ಬರಲಿಲ್ಲ. ಊರವರು ಹೋಗಿ ನೋಡಿದರೆ ಬಂದೂಕು ಕೊಂಬೆಯಲ್ಲಿ ನೇತಾಡುತ್ತಿತ್ತು, ಜೀನು ಬರಿದಾಗಿ ತೂಗುತ್ತಿತ್ತು, ಶಿವಯ್ಯ ಕೆಳಗೆ ಬಂಡೆಯ ಮೇಲೆ ಬಿದ್ದಿದ್ದ. ಪಟ್ಟಿ ಹರಿದಿರಲಿಲ್ಲ, ಕೊಂಬೆ ಮುರಿದಿರಲಿಲ್ಲ. ಅವನ ಬಲಗೆನ್ನೆಯ ಮೇಲೆ ಉದ್ದುದ್ದ ಗೆರೆಗಳು ಕೆಂಪಗೆ ಮೂಡಿದ್ದವು. ಮರ ಹಿಡಿದು ಕೂತಿರುವ ದೆವ್ವ, ಮುನಿ, ಕೆನ್ನೆಗೆ ಬಾರಿಸಿ ತಳ್ಳಿದ್ದಾನೆ ಎಂದು ಯಾರೋ ಅಂದರು. ಎಲ್ಲರಿಗೂ ಬೆರಳಿನ ಗುರುತೇ ಕಂಡಿತು. ಸಂಜೆಯ ಹೊತ್ತಿಗೆ ಬುಡದಲ್ಲೊಂದು ಕಲ್ಲು ನಿಂತು, ಅದಕ್ಕೆ ಕುಂಕುಮ, ನಿಂಬೆಹಣ್ಣು, ಒಂದು ಕಟ್ಟು ಬೀಡಿ ಎಲ್ಲ ಬಂತು.

ಹೊಂಬಾಳಮ್ಮನಿಗೆ ಮಾತ್ರ ಬೆರಳು ಕಾಣಲಿಲ್ಲ. ಚಾಪೆಯ ಮೇಲೆ ಮಗ್ಗುಲಾಗಿ ಮಲಗಿ ಎದ್ದವರ ಕೆನ್ನೆಯಲ್ಲಿ ಚಾಪೆಯ ಗುರುತು ಇರುವುದಿಲ್ಲವೇ, ಹಾಗೆ ತೊಗಟೆಯ ಗುರುತು ಇತ್ತು. ಮಂಡಿ ನೋಯದ ಮನುಷ್ಯ ಮರಕ್ಕೆ ಕೆನ್ನೆ ಕೊಟ್ಟು ನೆಮ್ಮದಿಯಾಗಿ ನಿದ್ದೆ ಹೋಗಿದ್ದ. ಇಷ್ಟು ದಿನ ಅವನನ್ನು ಎಚ್ಚರವಾಗಿಟ್ಟಿದ್ದದ್ದು ಆ ನೋವೇ. ಅದನ್ನು ಅವಳು ತನ್ನ ಕೈಯಾರೆ ತೆಗೆದುಬಿಟ್ಟಿದ್ದಳು. ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಗಂಡನನ್ನು ತಿಂದವಳು ಎನ್ನಲು ಊರಿಗೆ ಎಷ್ಟು ಹೊತ್ತು ಬೇಕಿತ್ತು?

ತಿಥಿ ಮುಗಿದ ಮೇಲೆ ಗೊರಕೆ ಶುರುವಾಯಿತು. ಹೊತ್ತು ಮುಳುಗುವಾಗ ಹೊಲದ ಬದುವಿನಲ್ಲಿ ಹುಲ್ಲು ಕೊಯ್ಯುತ್ತಿದ್ದರೆ ಮತ್ತಿಮರದ ಕಡೆಯಿಂದ ಕೇಳಿಸುತ್ತಿತ್ತು. ಎರಡು ಸಲ ಉದ್ದಕ್ಕೆ ಎಳೆಯುವುದು, ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ ತಡೆಯುವುದು, ಕೊನೆಗೊಂದು ಸಣ್ಣ ಶಿಳ್ಳೆ. ಶಿವಯ್ಯನದೇ. ಪಕ್ಕದಲ್ಲಿ ಮಲಗಿ ಇಷ್ಟು ವರ್ಷ ಕೇಳಿದವಳಿಗೆ ತಪ್ಪುವುದುಂಟೆ? ಜೊತೆಯಲ್ಲಿದ್ದ ನೆರೆಮನೆಯ ಸೋಮಮ್ಮನ ಮುಖ ನೋಡಿದಳು. ಸೋಮಮ್ಮ ತನ್ನ ಪಾಡಿಗೆ ಹುಲ್ಲು ಕೊಯ್ಯುತ್ತಿದ್ದಳು. ಅದು ತನಗೊಬ್ಬಳಿಗೇ ಎಂದು ಹೊಂಬಾಳಮ್ಮನಿಗೆ ಆಗ ತಿಳಿಯಿತು. ಅಂದಿನಿಂದ ಹೊತ್ತಿರುವಾಗಲೇ ಮನೆ ಸೇರುತ್ತಿದ್ದಳು. ತಲೆಯ ಕೆಳಗೆ ಮೆತ್ತಗಿನದೇನಾದರೂ ಸಿಕ್ಕರೆ ಮಾತ್ರ ಮನೆಯೊಳಗೂ ಗೊರಕೆ ಕೇಳುತ್ತಿತ್ತು. ಹೀಗೆ ಆ ಮನೆಯಿಂದ ದಿಂಬು ಹೋಯಿತು.

ಮುನಿಯ ಭಯಕ್ಕೆ ವರ್ಷಗಟ್ಟಲೆ ಯಾರೂ ಮರ ಹತ್ತಲಿಲ್ಲ. ಹಂದಿಗಳಿಗೆ ಹಬ್ಬ. ಕೆರಗೋಡಿನ ಸೋದರಮಾವನ ಮನೆಯಲ್ಲಿ ಬೆಳೆದಿದ್ದ ಶಿವಯ್ಯನ ತಮ್ಮ ಶಿವಣ್ಣ, ಅಣ್ಣ ಹೋದ ಮೇಲೆ ಹೊಲ ನೋಡಿಕೊಳ್ಳಲು ಬಂದು ನಿಂತಿದ್ದ. ಅಣ್ಣನ ಜೊತೆ ಒಂದೇ ಸೂರಿನಡಿ ಮಲಗಿದವನಲ್ಲ. ಎಪ್ಪತ್ತಾರನೆಯ ಇಸವಿಯಲ್ಲಿ ಬಂದೂಕಿನ ಲೈಸೆನ್ಸು ಅವನ ಹೆಸರಿಗಾಯಿತು. ತೋಳಿಗೊಂದು ತಾಯಿತ ಕಟ್ಟಿಸಿಕೊಂಡು ಬಂದು, "ಮಂಡಿಗೆ ಏನಾರ ಹೊಲ್ಕೊಡು ಅತ್ಗೆ, ಈ ಸತಿ ಮರ ಹತ್ತೋದೇಯ" ಎಂದ.

ಹೊಂಬಾಳಮ್ಮ ಅವನ ಮುಖ ನೋಡಿದಳು. ಬೇಡವೆಂದರೆ ಕೇಳುವ ಆಳಲ್ಲ. ಗೋಣಿಯ ಮೆತ್ತೆ ಹೊಲಿದು, ಮಂಡಿಚಿಪ್ಪು ಕೂರುವ ಜಾಗಕ್ಕೆ ಸರಿಯಾಗಿ ಹುಣಸೆಬೀಜಗಳನ್ನು ಸೇರಿಸಿ ಕೊಟ್ಟಳು. ಶಿವಣ್ಣ ಕಟ್ಟಿಕೊಂಡು ಗೋಡೆಗೆ ಮಂಡಿ ಒತ್ತಿ ನೋಡಿದವನೇ ಕಿರುಚಿದ.

"ಏನ್ ತುಂಬಿದ್ದೀಯೆ ಇದ್ರೊಳಗೆ, ಮುಳ್ಳಾ?"

"ಚುಚ್ಚಬೇಕು ಕಣಪ್ಪ. ಚುಚ್ಚುದ್ರೇನೇ ವಾಸಿ."

"ಮೆತ್ತಗಿರ್ಲಿ ಅಂತ ಕಟ್ಕೊಳೋದಾ, ಚುಚ್ಚಲಿ ಅಂತ ಕಟ್ಕೊಳೋದಾ? ನಡಿ, ಮದ್ದೂರಿಗೇ ಓಗೋಣ. ನೀನೇ ಬಂದು ಆರಿಸ್ಕೊಡು."

ವಹಾಬ್ ಸಾಬರ ಅಂಗಡಿ ರೈಲ್ವೆ ಸ್ಟೇಷನ್ನಿನ ಹತ್ತಿರ, ಜಟಕಾಗಳು ನಿಲ್ಲುವ ಕಡೆ ಇತ್ತು. ಜಟಕಾಗಳು ಕಡಿಮೆಯಾಗಿ ಸಾಬರು ಈಗ ಬಸ್ಸಿನ ಸೀಟುಗಳನ್ನೂ ಹೊಲಿಯುತ್ತಿದ್ದರು. ಮುಗ್ಗರಿಸುವ ಕುದುರೆಗಳಿಗೆಂದು ಮಾಡಿದ್ದ ಚರ್ಮದ ಮಂಡಿಪಟ್ಟಿ ತೋರಿಸಿದರು. ಒಳಗೆ ಕುದುರೆಕೂದಲು ತುಂಬಿತ್ತು. ಶಿವಣ್ಣ ಅಂಗಡಿಯ ಕಂಬಕ್ಕೆ ಮಂಡಿ ಒತ್ತಿದ. ಚರ್ಮ ಕಿರ್ರೆಂದಿತು. ಹಂದಿ ಕೇಳಿಸಿಕೊಂಡುಬಿಡುತ್ತದೆ ಎಂದು ಬಿಟ್ಟ. ಜೀನಿನ ಕೆಳಗೆ ಹಾಸುವ ಉಣ್ಣೆಯದು ಸದ್ದು ಮಾಡಲಿಲ್ಲ, ಆದರೆ ಇಬ್ಬನಿ ಹೀರಿ ಭಾರವಾಗುತ್ತದೆ ಎಂದು ಸಾಬರೇ ಹೇಳಿದರು. ಕೊನೆಗೆ ಬಸ್ಸಿನ ಸೀಟಿನ ಸ್ಪಂಜನ್ನು ಕತ್ತರಿಸಿ, ಮೇಲೆ ಮೆತ್ತನೆಯ ಬಟ್ಟೆ ಹಾಕಿ ಕೊಟ್ಟರು. ಶಿವಣ್ಣ ಕಂಬಕ್ಕೆ ಒರಗಿದವನು ಏಳಲೇ ಇಲ್ಲ. ಅವನ ಕಣ್ಣು ಅರ್ಧ ಮುಚ್ಚಿದವು.

ಹೊಂಬಾಳಮ್ಮ ಕೇಳಿದಳು. "ಸಾಬ್ರೇ, ಇಷ್ಟು ಮೆತ್ತಗಿಲ್ದೇ ಇರೋದು ಯಾವ್ದೂ ಇಲ್ವಾ?"

ವಹಾಬ್ ಸಾಬರು ಕತ್ತರಿ ಕೆಳಗಿಟ್ಟರು. "ಇಷ್ಟು ವರ್ಷದಲ್ಲಿ ಗಟ್ಟಿ ಇರೋದು ಕೊಡಿ ಅಂತ ಕೇಳಿದವರು ನೀವೇ ಕಣಮ್ಮ."

ಶಿವಣ್ಣ ಸ್ಪಂಜಿನದನ್ನೇ ಕೊಂಡ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನು ಅದುಮುತ್ತ, ಅದು ಉಬ್ಬುವುದನ್ನು ನೋಡುತ್ತ ಕೂತಿದ್ದ. ಪಕ್ಕದಲ್ಲಿ ಕೂತ ಹೊಂಬಾಳಮ್ಮ ಯೋಚಿಸುತ್ತಿದ್ದಳು. ಹೇಳಿದರೆ ಮಾನ ಹೋಗುತ್ತದೆ, ಹೇಳದಿದ್ದರೆ ಇವನೂ ಹೋಗುತ್ತಾನೆ. ಮನೆ ಸೇರಿದವಳೇ ಜಗಲಿಯಲ್ಲಿ ಕುಸಿದು ಕೂತು ಬಾಯಿ ಬಿಟ್ಟಳು.

"ಸಿವಣ್ಣ, ನಿಮ್ಮಣ್ಣನ್ನ ಮುನಿ ತಳ್ಳಲಿಲ್ಲ. ನಿದ್ದೆ ಮಾಡಿ ಬಿದ್ದ. ನನ್ ದಿಂಬಿನ ಅತ್ತಿಯ ನಾನೇ ಮಂಡಿಗೆ ಕಟ್ಟಿ ಕಳಿಸಿದ್ದೆ. ನೋವಿದ್ದಿದ್ರೆ ಎದ್ದಿರೋನು. ಕೆನ್ನೆ ಮೇಲಿದ್ದುದ್ದು ಬೆರಳಲ್ಲ, ತೊಗಟೆ ಗುರ್ತು."

ಅವನು ಎದ್ದು ಹೊಡೆಯುತ್ತಾನೆ, ಇಲ್ಲ ಅಳುತ್ತಾನೆ ಎಂದುಕೊಂಡಿದ್ದಳು. ಶಿವಣ್ಣ ಕೈಯಲ್ಲಿದ್ದ ಮೆತ್ತೆಯನ್ನು ಅದುಮಿ ಅದುಮಿ ನೋಡಿದ. ಆಮೇಲೆ ಅವನ ಮುಖ ಅರಳಿತು.

"ಅಂದ್ರೆ, ಮರದಲ್ಲಿ ಮುನಿ ಇಲ್ಲ ಅನ್ನು."

"ಇಲ್ಲ ಕಣಪ್ಪ."

"ಅಯ್ಯೋ ಅತ್ಗೆ, ಇದ್ನ ಮೊದ್ಲೇ ಏಳೋದಲ್ವಾ? ಎದ್ರುಕೊಂಡು ಸಾಯ್ತಿದ್ದೆ. ನೀನೇನ್ ಬೇಕಂತ ಮಾಡ್ದ್ಯಾ, ಬುಡು. ಅಣ್ಣಯ್ಯನಿಗೆ ವಯ್ಸಾಗಿತ್ತು, ನಾನ್ಯಾಕೆ ಮಲಗ್ಲಿ?" ಎಂದವನೇ ತೋಳಿನ ತಾಯಿತ ಬಿಚ್ಚಿ ಗೂಟಕ್ಕೆ ನೇತುಹಾಕಿದ.

ಹೊಂಬಾಳಮ್ಮನಿಗೆ ಆಗ ಹೊಳೆಯಿತು. ಅವನನ್ನು ಎಚ್ಚರವಾಗಿಡಲು ಇದ್ದದ್ದು ಅದೊಂದು ಭಯ. ಅಣ್ಣನ ನೋವನ್ನು ತೆಗೆದ ಹಾಗೇ ತಮ್ಮನ ಭಯವನ್ನೂ ತಾನೇ ತೆಗೆದುಬಿಟ್ಟಿದ್ದಳು. ಆಡಿದ ಮಾತನ್ನು ಇನ್ನು ನುಂಗುವುದು ಹೇಗೆ?

ಮಾರನೆಯ ಸಂಜೆ ಶಿವಣ್ಣ ಬಂದೂಕು ಒರೆಸುತ್ತ ಕೂತಿದ್ದಾಗ ಅವಳು ಅವನಿಗಿಂತ ಮುಂಚೆ ಹಳ್ಳದ ಕಡೆ ನಡೆದಳು. ಇಷ್ಟು ವರ್ಷ ಹೊತ್ತಿಳಿದ ಮೇಲೆ ತಿರುಗಿ ನೋಡದ ಜಾಗ. ಬುಡದಲ್ಲಿ ಕುಂಕುಮ ಮಾಸಿದ ಕಲ್ಲು ಇತ್ತು. ಮೇಲೆ, ಎರಡು ಮಂಡಿಗಳು ಒತ್ತಿ ಒತ್ತಿ ತೊಗಟೆ ಸವೆದಿದ್ದ ಜಾಗ ಇನ್ನೂ ಹಾಗೇ ಇತ್ತು. ಉಸಿರು ಬಿಗಿಹಿಡಿದು ಕಿವಿಗೊಟ್ಟಳು. ಅಷ್ಟು ವರ್ಷ ಅಟ್ಟಿಸಿಕೊಂಡು ಬಂದ ಗೊರಕೆ ಅಂದು ಇರಲಿಲ್ಲ. ಎಲೆಯೂ ಅಲುಗುತ್ತಿರಲಿಲ್ಲ. ಅವಳಿಗೆ ಎಂದೂ ಆಗದಷ್ಟು ಹೆದರಿಕೆ ಆಯಿತು.

"ಬೇಡ ಬೇಡ ಅಂದಾಗ ಬಂದು ಕಾಡ್ದೆ, ಈಗ್ಯಾಕೆ ಸುಮ್ಕಿದ್ದೀಯೆ?" ಎಂದಳು ಮರಕ್ಕೆ. "ನಾ ಮಾಡಿದ್ದು ತಪ್ಪೇಯ. ನನ್ ಮ್ಯಾಲಿನ ಸಿಟ್ನ ಅವನ ಮ್ಯಾಲೆ ತೋರ್ಬೇಡ. ಅಲ್ಲೇ ಇದ್ರೆ ನಿನ್ ತಮ್ಮನ್ನ ಮಲಗಕ್ಕೆ ಬುಡ್ಬೇಡ."

ಶಿವಣ್ಣ ಹೊಸ ಮೆತ್ತೆ ಕಟ್ಟಿಕೊಂಡು, ಅಣ್ಣನ ಜೀನನ್ನು ಹೆಗಲಿಗೆ ಹಾಕಿಕೊಂಡು ಶಿಳ್ಳೆ ಹಾಕುತ್ತ ಬಂದು, ಹೆಂಗಸರ ವಾಸನೆಗೆ ಹಂದಿ ಬರಾಕಿಲ್ಲ ಎಂದು ಅವಳನ್ನು ಮನೆಗೆ ಅಟ್ಟಿದ. ಆ ರಾತ್ರಿ ಬಂದೂಕಿನ ಈಡು ಕೇಳಲಿಲ್ಲ. ಕೋಳಿ ಕೂಗುವ ಹೊತ್ತಿಗೆ ಅವಳು ಸೆರಗು ಸಿಕ್ಕಿಸಿಕೊಂಡು ಹೊಲಗಳ ಮೇಲೆ ಓಡಿದಳು.

ಜೀನು ಬರಿದಾಗಿ ತೂಗುತ್ತಿತ್ತು. ಆದರೆ ಬಂಡೆಯ ಮೇಲೆ ಶಿವಣ್ಣ ಕೂತಿದ್ದ. ಕಣ್ಣು ಕೆಂಡದಂತಾಗಿತ್ತು, ಮುಖ ಸಿಟ್ಟಿನಿಂದ ಊದಿತ್ತು.

"ಯಾವನತ್ಗೆ ಅವ್ನು, ಹಳ್ಳದಾಚೆ ಮಲಗಿರೋನು?" ಎಂದ. "ಕಣ್ಣು ಎಳ್ಕೊಂಡು ಓದ್ರೆ ಸಾಕು, ಕಿವಿ ಹತ್ರುಕ್ಕೇ ಬಂದಂಗೆ ಗೊರ್ಕೆ. ಒಂದು ಗಳಿಗೆ ರೆಪ್ಪೆ ಮುಚ್ಚಕ್ಕೆ ಬುಡ್ನಿಲ್ಲ. ಎಲ್ಲಾ ಕಡೆ ಉಡುಕ್ದೆ, ಒಬ್ರೂ ಇಲ್ಲ."

ಹೊಂಬಾಳಮ್ಮ ಅವನ ಕೆನ್ನೆ ಮುಟ್ಟಿ ನೋಡಿದಳು. ಗುರುತೇನೂ ಇರಲಿಲ್ಲ. ಗೊರಕೆಯ ವಿಷಯ ಅವಳು ಯಾರಿಗೂ, ಇವನಿಗೂ ಹೇಳಿರಲಿಲ್ಲ.

"ಹೆಂಗಿತ್ತಪ್ಪ ಅದು?"

"ಹೆಂಗೆ ಅಂದ್ರೆ?" ಶಿವಣ್ಣ ಬೇಸರದಲ್ಲೇ ಮಾಡಿ ತೋರಿಸಿದ. ಎರಡು ಸಲ ಉದ್ದಕ್ಕೆ ಎಳೆದ, ಗಂಟಲಲ್ಲಿ ತಡೆದ, ಕೊನೆಗೊಂದು ಸಣ್ಣ ಶಿಳ್ಳೆ ಬಿಟ್ಟ.

ಹೊಂಬಾಳಮ್ಮ ಮರದ ಬುಡದಲ್ಲಿ ಕೂತು ಬೊಡ್ಡೆಗೆ ತಲೆ ಆನಿಸಿದಳು. ಕಣ್ಣಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಇನ್ನೊಂದ್ಸತಿ ಮಾಡಪ್ಪ" ಎಂದಳು. "ಕೇಳ್ತೀನಿ."